ಸಂಡಿಗೆ ಪ್ರಮಾಣ: ಹವಾಮಾನ ಮತ್ತು ವಾಯುಗುಣಗಳ ಭೇದನಿರೂಪಣೆ

ಒಂದು ಊರಿನ ಗಾಳಿ, ಬಿಸಿಲು, ಮಳೆ, ತೇವಾಂಶಗಳು ಒಂದು ನಿರ್ದಿಷ್ಟ ಹೊತ್ತಿನಲ್ಲಿ ಇರುವ ಸ್ಥಿತಿಗೆ ಹವಾಮಾನವೆಂದೂ, ಅವನ್ನೇ ದೀರ್ಘಕಾಲ, ಅಂದರೆ ಅಂತರರಾಷ್ಟ್ರೀಯ ರೂಢಿಯಂತೆ 30 ವರ್ಷ, ಅಳೆದು ಕಂಡುಕೊಂಡ ಸರಾಸರಿ ಹಾಗೂ ಏರಿಳಿತಗಳ ಒಟ್ಟು ಚಿತ್ರಕ್ಕೆ ವಾಯುಗುಣವೆಂದೂ ಹೆಸರು. ಪಠ್ಯಪುಸ್ತಕಗಳು ಈ ಭೇದವನ್ನು ಒಂದೇ ವಾಕ್ಯದಲ್ಲಿ ಮುಗಿಸುವುದರಿಂದ, ಅದರ ನಿಜವಾದ ಪ್ರಯೋಗಶಾಲೆಯಾದ ತಾರಸಿಯು ವಿದ್ವಾಂಸರ ಕಣ್ಣಿಗೆ ಬೀಳದೆ ಉಳಿದಿದೆ.

ಏಪ್ರಿಲ್ ತಿಂಗಳಲ್ಲಿ ಅಕ್ಕಿಹಿಟ್ಟಿನ ಗಂಜಿ ಕಾಯಿಸಿ, ಹಸಿಮೆಣಸಿನಕಾಯಿ, ಉಪ್ಪು ಅರೆದು ಸೇರಿಸಿ, ಜೀರಿಗೆ ಉದುರಿಸಿ, ಹಳೆಯ ಪಂಚೆಯ ಮೇಲೆ ಸಾಲಾಗಿ ಸಂಡಿಗೆ ಇಡುವುದು ವಾಯುಗುಣವನ್ನು ನಂಬಿ. ಅದೇ ಮಧ್ಯಾಹ್ನ ಮೋಡ ಕವಿದು ಹನಿ ಬಿದ್ದೊಡನೆ ಮನೆಮಂದಿಯೆಲ್ಲ ಪಂಚೆಯ ನಾಲ್ಕು ಮೂಲೆ ಹಿಡಿದು ಮೆಟ್ಟಿಲಿಳಿಯುವುದು ಹವಾಮಾನಕ್ಕೆ ಹೆದರಿ. ತರ್ಕಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಮೊದಲನೆಯದು ಅನುಮಾನ, ಎರಡನೆಯದು ಪ್ರತ್ಯಕ್ಷ. ಒದ್ದೆಯಾದ ಸಂಡಿಗೆಯನ್ನು ಮುಂದಿಟ್ಟು ಬೇಸಿಗೆಯೇ ಸುಳ್ಳೆಂದು ಸಾಧಿಸುವವರೂ, ಒಂದು ಬೆಳಗಿನ ಚಳಿಯನ್ನು ಹಿಡಿದು ಭೂಮಿ ಬಿಸಿಯಾಗುತ್ತಿಲ್ಲವೆಂದು ವಾದಿಸುವವರೂ ಒಂದೇ ಗೋತ್ರದವರು. ಬೆಂಗಳೂರು 1884ರ ಜನವರಿಯಲ್ಲಿ 7.8 ಡಿಗ್ರಿಗೆ ಇಳಿದದ್ದೂ, 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿಗೆ ಏರಿದ್ದೂ ಬಿಡಿಬಿಡಿಯಾಗಿ ಹವಾಮಾನವೇ ಹೊರತು, ಯಾವುದೊಂದೂ ಆ ಊರಿನ ವಾಯುಗುಣವಲ್ಲ.

ಇನ್ನು ವಾಯುಗುಣವನ್ನು ರೂಪಿಸುವುದು ಯಾವುದು? ಸಮಭಾಜಕ ವೃತ್ತದಿಂದ ಎಷ್ಟು ದೂರವೆಂಬುದೊಂದೇ, ಅಂದರೆ ಅಕ್ಷಾಂಶವೊಂದೇ, ಎಂಬುದು ಪೂರ್ವಪಕ್ಷ. ಸೂರ್ಯಕಿರಣ ನೆಟ್ಟಗೆ ಬೀಳುವಲ್ಲಿ ಸೆಕೆ, ಓರೆಯಾಗಿ ಬೀಳುವಲ್ಲಿ ಚಳಿ ಎಂಬ ಮಟ್ಟಿಗೆ ಇದು ಸರಿ. ಆದರೆ ಮಂಗಳೂರು, ಬೆಂಗಳೂರು, ಚೆನ್ನೈ ಮೂರೂ ಹೆಚ್ಚುಕಡಿಮೆ 13 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಇದ್ದು, ಮೂರು ಕಡೆಯ ಸಂಡಿಗೆಗಳೂ ಮೂರು ಬಗೆಯಲ್ಲಿ ಒಣಗುವುದರಿಂದ ಈ ಪಕ್ಷ ನಿಲ್ಲದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದು, ಸಾವಿರ ಮೀಟರ್ ಏರಿದರೆ ಉಷ್ಣತೆ ಸುಮಾರು 6.5 ಡಿಗ್ರಿ ತಗ್ಗುವ ನಿಯಮದ ಫಲವನ್ನು ಅನುಭವಿಸುತ್ತಾ, ಅದನ್ನು ತನ್ನ ಸ್ವಂತ ಸದ್ಗುಣವೆಂದು ಭಾವಿಸಿದೆ. ಮಂಗಳೂರಿನಲ್ಲಿ ಕಡಲು ನಿಧಾನವಾಗಿ ಕಾದು ನಿಧಾನವಾಗಿ ತಣಿಯುವುದರಿಂದ ಹಗಲಿರುಳುಗಳ ಅಂತರ ಕಿರಿದು, ಗಾಳಿಯ ತೇವ ಹಿರಿದು. ಚೆನ್ನೈಗೆ ಬಹುಪಾಲು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಈಶಾನ್ಯ ಮಾರುತದಿಂದ.

ಎಲ್ಲಕ್ಕಿಂತ ಪಕ್ಷಪಾತಿ ಎಂದರೆ ಪಶ್ಚಿಮ ಘಟ್ಟ. ಅರಬ್ಬೀ ಸಮುದ್ರದಿಂದ ತೇವ ಹೊತ್ತು ಬರುವ ನೈಋತ್ಯ ಮಾರುತವು ಘಟ್ಟಕ್ಕೆ ಅಡ್ಡಲಾಗಿ ಮೇಲೇರಿ, ಮೇಲೇರಿದಂತೆ ಹಿಗ್ಗಿ ತಣ್ಣಗಾಗಿ, ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿದು, ಆಚೆ ಇಳಿಯುವಾಗ ಬೆಚ್ಚಗಾಗಿ ಒಣಗುತ್ತದೆ. ಹೀಗೆ ಗುಡ್ಡದ ಮರೆಯಲ್ಲಿ ಮಳೆ ತಪ್ಪಿದ ಸೀಮೆಯೇ ಮಳೆನೆರಳು. ಆಗುಂಬೆಯಿಂದ ನೇರ ಗೆರೆಯಲ್ಲಿ 200 ಕಿ.ಮೀ. ಕೂಡ ದೂರವಿರದ ಚಳ್ಳಕೆರೆಯಲ್ಲಿ ಮಳೆ 500 ಮಿ.ಮೀ. ದಾಟುವುದೇ ಕಷ್ಟ. ಸಂಡಿಗೆಯ ದೃಷ್ಟಿಯಿಂದ ಚಳ್ಳಕೆರೆ ಭೂಲೋಕದ ಸ್ವರ್ಗ. ಅಲ್ಲಿನ ಶೇಂಗಾ ಬೆಳೆಗಾರರ ಅಭಿಪ್ರಾಯ ಬೇರೆಯಿರುವುದು ಸಹಜ. ವ್ಲಾಡಿಮಿರ್ ಕೊಪ್ಪೆನ್ ಎಂಬ ಪಂಡಿತನು ವಾಯುಗುಣವನ್ನು ವಿಂಗಡಿಸುವಾಗ ಸಸ್ಯಸಂಪತ್ತನ್ನು ಆಧಾರವಾಗಿ ಹಿಡಿದದ್ದು ಸಂಡಿಗೆಯ ಪರಿಚಯವಿಲ್ಲದ್ದರಿಂದಲೇ ಎಂದು ಊಹಿಸಬೇಕಾಗುತ್ತದೆ.

ಸರಾಸರಿಯಾದರೂ ಶಾಶ್ವತವೇ ಎಂದರೆ, ಅಲ್ಲ. ದೇಶದ ಮುಂಗಾರು ಮಳೆಯ ದೀರ್ಘಾವಧಿ ಸರಾಸರಿಯನ್ನು ಭಾರತೀಯ ಹವಾಮಾನ ಇಲಾಖೆಯು 2022ರಲ್ಲಿ 880.6 ಮಿ.ಮೀ.ನಿಂದ 868.6 ಮಿ.ಮೀ.ಗೆ ಇಳಿಸಿತು, ತಾರಸಿಗಳು ಇದನ್ನು ಇನ್ನೂ ಅಂಗೀಕರಿಸಿಲ್ಲ.

ಕೊನೆಗೆ ಉಳಿಯುವುದು ಕಾಗೆಯ ಪ್ರಶ್ನೆ. ಅದು ಯಾವ ಗಳಿಗೆಯಲ್ಲಿ ಬಂದು ಕಚ್ಚಿಕೊಂಡು ಹೋಗುವುದೆಂದು ಹೇಳಲಾಗದ್ದರಿಂದ ಹವಾಮಾನದಲ್ಲಿ ಸೇರಿಸಬೇಕೆಂದು ಕೆಲವರೂ, 30 ವರ್ಷಗಳಲ್ಲಿ ಒಂದು ವರ್ಷವೂ ತಪ್ಪಿಸಿಲ್ಲವಾದ್ದರಿಂದ ವಾಯುಗುಣವೆಂದೇ ಗಣಿಸಬೇಕೆಂದು ಮತ್ತೆ ಕೆಲವರೂ ಹೇಳುವರು. ಕೋಲು ಹಿಡಿದು ಕಾವಲು ಕೂತ ಅಜ್ಜಿಯರು ಈ ಚರ್ಚೆಯಲ್ಲಿ ಪಾಲ್ಗೊಳ್ಳಲು ಒಪ್ಪಿಲ್ಲ.