ಕಡಲಿಲ್ಲದ ಊರಲ್ಲಿ ಗಾಲ್ಫು

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ಕೆಲವರು ಆಳೆತ್ತರದ ಚೀಲವೊಂದನ್ನು ಹೊಸ ಸೊಸೆಯನ್ನು ಮನೆತುಂಬಿಸಿಕೊಳ್ಳುವಂತೆ ಜೋಪಾನವಾಗಿ ಇಳಿಸಿಕೊಳ್ಳುತ್ತಾರೆ. ಅದರೊಳಗಿರುವುದು ಗಾಲ್ಫ್ ಕೋಲುಗಳು. ನಿಯಮದ ಪ್ರಕಾರ 14ಕ್ಕಿಂತ ಹೆಚ್ಚು ಇರುವಂತಿಲ್ಲ. ಹದಿನಾಲ್ಕು ಸಾಲದೆ? ನಮ್ಮೂರಿನಲ್ಲಿ ಒಂದೇ ಕೋಲಿನಿಂದ ಚಿನ್ನಿ-ದಾಂಡು ಮುಗಿದುಹೋಗುತ್ತಿತ್ತು.

ನಂದಿ ಬೆಟ್ಟದ ಬುಡದ ಪ್ರೆಸ್ಟೀಜ್ ಗಾಲ್ಫ್‌ಶೈರ್‌ನಲ್ಲಿ 18 ಕುಳಿಗಳಿವೆ. ಈ ಹದಿನೆಂಟರ ಲೆಕ್ಕ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನದು. ಅಲ್ಲಿ 22 ಇದ್ದದ್ದನ್ನು 1764ರಲ್ಲಿ ಇಳಿಸಿದರು. ಅಲ್ಲಿ ಕಡಲ ದಂಡೆ, ಮರಳುದಿಬ್ಬ, ಚೆಂಡನ್ನು ಎತ್ತಲೋ ಒಯ್ಯುವ ಗಾಳಿ. ಅಂಥ ಕಡೆ ಆಡಿ ಬಂದವರು ಇಲ್ಲಿ ಮೊದಲು ಹುಡುಕುವುದು ಸಮುದ್ರವನ್ನು. ಮಂಗಳೂರಿನ ತನಕ ಹೋಗಬೇಕು ಸ್ವಾಮಿ! ಮರಳಿಗೇನೋ ಕೊರತೆಯಿಲ್ಲ, ಬಂಕರಿನಲ್ಲಿ ತುಂಬಿಟ್ಟಿದ್ದಾರೆ. ಮನೆ ಕಟ್ಟುತ್ತಿರುವವರು ನೋಡಿದರೆ ಹೊಟ್ಟೆ ಉರಿದುಕೊಂಡಾರು. ಗಾಳಿ ಬೇಕಾದರೆ ಆಷಾಢದಲ್ಲಿ ಬರಲಿ, ಟೋಪಿಯ ಸಮೇತ ಹಾರಿಸಿ ಕಳಿಸುತ್ತೇವೆ.

ಬೇಲಿಯಾಚೆ ಕುರಿ ಮೇಯಿಸುವ ತಾತನಿಗೆ ಇದೆಲ್ಲ ಬಿಟ್ಟಿ ಮನರಂಜನೆ.

"ಅಷ್ಟು ದೂರ ಯಾಕ್ಲಾ ಹೊಡೀತಾರೆ? ಆಮೇಲೆ ಅವರೇ ಹುಡುಕಬೇಕಲ್ಲ!"

"ಹುಡುಕೋದಕ್ಕೇ ದುಡ್ಡು ಕೊಟ್ಟಿರೋದು ತಾತ," ಅಂತಾನೆ ಟ್ಯಾಕ್ಸಿ ಹುಡುಗ.

"ಮೊನ್ನೆ ಒಬ್ಬರು ಪೊದೇಲಿ ತಡಕ್ತಾ ಇದ್ರು. ಹಾವಿದ್ದಾವು ಅಂದೆ, ಥ್ಯಾಂಕ್ಯೂ ಅಂದ್ರು."

ಚೆಂಡಿನ ತೂಕ 46 ಗ್ರಾಂ ಕೂಡ ಮೀರುವಂತಿಲ್ಲ ಎಂದು ಕೇಳಿದಾಗ ತಾತ ಪರಿಹಾರವನ್ನೂ ಸೂಚಿಸಿದ: ದೇವನಹಳ್ಳಿ ಚಕ್ಕೋತದಲ್ಲಿ ಆಡಲಿ, ಕಳೆದುಹೋಗುವ ಮಾತೇ ಇಲ್ಲ. ಕುಳಿಯನ್ನು ಮಾತ್ರ ಸ್ವಲ್ಪ ದೊಡ್ಡದು ಮಾಡಿಸಬೇಕಂತೆ.