ವರ್ಷಕ್ಕೊಂದು ಯಜಮಾನಿಕೆ

ಕೊಡವ ಕೌಟುಂಬಿಕ ಹಾಕಿ ಉತ್ಸವಕ್ಕೆ ಕಾಯಂ ಯಜಮಾನರಿಲ್ಲ. ಒಂದೊಂದು ವರ್ಷ ಒಂದೊಂದು ಒಕ್ಕ, ಅಂದರೆ ಮನೆತನ, ಅದನ್ನು ನಡೆಸುತ್ತದೆ. ಕಪ್ಪಿಗೂ ಆ ಮನೆತನದ್ದೇ ಹೆಸರು. 1997ರಲ್ಲಿ ವಿರಾಜಪೇಟೆ ಸಮೀಪದ ಕರಡದಲ್ಲಿ ಇದನ್ನು ಆರಂಭಿಸಿದವರು ಪಾಂಡಂಡ ಕುಟ್ಟಪ್ಪ. ಆಗ ಆಡಿದ್ದು 60 ತಂಡ.

ನಾಡಿನ ವಾಡಿಕೆಯಂತೆ ಸಂಘ ಕಟ್ಟಿದವರು ಮೊದಲು ಅಧ್ಯಕ್ಷರು, ಆಮೇಲೆ ಗೌರವಾಧ್ಯಕ್ಷರು, ಕೊನೆಗೆ ಗೋಡೆಯ ಮೇಲಿನ ಫೋಟೊ. ಈ ಮೂರು ಅವಸ್ಥೆಗಳಲ್ಲೂ ಬೀರುವಿನ ಬೀಗದಕೈ ಮಾತ್ರ ಅವರ ಮನೆಯಲ್ಲೇ ಇರುತ್ತದೆ. ಇಲ್ಲಿ ಹಾಗಾಗಲಿಲ್ಲ. ಮರುವರ್ಷವೇ ಉತ್ಸವ ಕೋಡೀರ ಕುಟುಂಬದ ಕೈಗೆ ಹೋಯಿತು. ಆಟದ ನಿಯಮ, ತೀರ್ಪುಗಾರಿಕೆಗಳಿಗೆ ಕೊಡವ ಹಾಕಿ ಅಕಾಡೆಮಿ ಇದೆ. ಮೈದಾನ, ಗ್ಯಾಲರಿ, ಹಣ, ಊಟ, ಅತಿಥಿಗಳ ಮುನಿಸು ಎಲ್ಲವೂ ಆತಿಥೇಯರ ಪಾಲು. ಕಾಫಿ ಕೊಯ್ಲು ಮುಗಿದು ಮುಂಗಾರು ಹಿಡಿಯುವುದರೊಳಗೆ ಇಷ್ಟೂ ಮುಗಿಯಬೇಕು. ಕೆಲಸವೆಲ್ಲ ಕೈಗೆ ಹತ್ತಿ, ತಾವಿಲ್ಲದೆ ನಡೆಯದು ಎಂಬ ಭಾವ ಮೂಡುವ ಹೊತ್ತಿಗೆ ಸರದಿ ಮುಗಿದಿರುತ್ತದೆ. ವ್ಯವಸ್ಥೆಯ ಜಾಣತನವಿರುವುದು ಇದರಲ್ಲೇ.

ತಂಡದೊಳಗೂ ನಾಯಕನ ದರ್ಬಾರು ನಡೆಯುವುದು ಕಷ್ಟ. ಗಂಡಸರು, ಹೆಂಗಸರು, ಮಕ್ಕಳು, ನಿವೃತ್ತರು ಒಂದೇ ತಂಡದಲ್ಲಿ ಆಡುತ್ತಾರೆ. ಕಚೇರಿಯಲ್ಲಿ ಹತ್ತು ಜನರನ್ನು ಗದರಿಸುವ ಕ್ಯಾಪ್ಟನ್, ಪಾಸ್ ಕೊಡದ ದೊಡ್ಡಪ್ಪನನ್ನು ಗದರಿಸಲಾರ. ಹಬ್ಬಕ್ಕೆ ಇಬ್ಬರೂ ಸೇರುವುದು ಒಂದೇ ಐನ್‌ಮನೆಯಲ್ಲಿ, ಅಂದರೆ ಒಕ್ಕದ ಮೂಲಮನೆಯಲ್ಲಿ. ಅತ್ತೆಯ ಕೈಯಲ್ಲಿ ಸ್ಟಿಕ್ ಇದ್ದರಂತೂ ತಂತ್ರಗಾರಿಕೆಯ ಪಾಠವನ್ನು ನಾಯಕನೇ ಕೇಳಿಸಿಕೊಳ್ಳಬೇಕು. ಆಜ್ಞೆ ನಡೆಯದ ಕಡೆ ಆಟಗಾರರು ತಾವೇ ಯೋಚಿಸತೊಡಗುತ್ತಾರೆ. ಯೋಚಿಸಿದ್ದು ಸರಿಯಿತ್ತೇ ಎಂಬುದರ ವಿಚಾರಣೆಗೆ ಗ್ಯಾಲರಿಯಲ್ಲಿ ಉಳಿದ ನೆಂಟರಿದ್ದಾರೆ.

ನಿಜವಾದ ಪರೀಕ್ಷೆ ಬಂದದ್ದು ಮೈದಾನದ ಹೊರಗೆ. 2018ರ ಮಳೆಗಾಲದಲ್ಲಿ ಕೊಡಗಿನ ಬೆಟ್ಟಗಳು ಕುಸಿದವು. ಹಿಂದೆಯೇ ಕೋವಿಡ್ ಬಂತು. ಉತ್ಸವ ಕೆಲವು ವರ್ಷ ನಿಂತುಹೋಯಿತು. 2020ರಲ್ಲಿ ಕುಟ್ಟಪ್ಪನವರೂ ತೀರಿಕೊಂಡರು. ಒಬ್ಬರನ್ನೇ ನೆಚ್ಚಿದ ಕೂಟವಾಗಿದ್ದರೆ ಅದರ ಕಥೆ ಒಂದು ಸಂತಾಪಸಭೆಗೆ ಮುಗಿಯುತ್ತಿತ್ತು. 2023ರಲ್ಲಿ ಅಪ್ಪಚೆಟ್ಟೋಳಂಡ ಕುಟುಂಬ ನಾಪೋಕ್ಲುವಿನಲ್ಲಿ ಮತ್ತೆ ಸೀಟಿ ಊದಿಸಿತು. ಮರುವರ್ಷ ಅಲ್ಲೇ ಕುಂಡ್ಯೋಳಂಡ ಕುಟುಂಬ 360 ತಂಡ ಸೇರಿಸಿದಾಗ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯಲ್ಲಿ ಮುದ್ದಂಡ ಕುಟುಂಬದ ಕಪ್ಪಿಗೆ ಹೆಸರು ಕೊಟ್ಟ ತಂಡಗಳು 396. 2026ರ ಸರದಿ ಚೇನಂಡ ಕುಟುಂಬದ್ದು.