ಹಲಗೆ ಪುರಾಣ

ಗೋಡೆ ಬೀರುವಿಗೆ ನಾಲ್ಕು ಹಲಗೆ ಹಾಕಿಸೋಣ ಅಂದದ್ದಷ್ಟೇ ನನ್ನ ತಪ್ಪು. ಅಪ್ಪ ಹಲಸೇ ಆಗಬೇಕೆಂದರು, ಅತ್ತೆ ತೇಗ ಅಂದರು. ತೇಗದ ಬೆಲೆ ಕೇಳಿದ ಮೇಲೆ ಉಂಡಿದ್ದರ ತೇಗೂ ಗಂಟಲಲ್ಲೇ ನಿಂತಿತು. ಸರಿ, ಪ್ಲೈವುಡ್ಡಿಗೆ ಇಳಿದೆ. ಅಂಗಡಿಯವನು, “303 ಕೊಡಲಾ, 710 ಕೊಡಲಾ?” ಅಂದ. ಬಸ್ ನಂಬರೇನೋ ಅಂದುಕೊಂಡೆ! 710 ಅಂದರೆ ಮೆರೈನ್ ದರ್ಜೆಯಂತೆ, ನೀರಿಗೆ ಜಗ್ಗುವುದಿಲ್ಲವಂತೆ. ನನ್ನ ಬನಿಯನ್ನುಗಳಿಗೆ ಸಮುದ್ರಯಾನದ ಯೋಗವೇನೂ ಇಲ್ಲ. ಆದರೂ 18 ಮಿ.ಮೀ. ದಪ್ಪದ್ದನ್ನೇ ಗತ್ತಿನಿಂದ ಕೊಯ್ಸಿ ತಂದೆ.

ಅಳತೆ ತೆಗೆದವನು ನಾನೇ, ಅದೂ ಬೀರುವಿನ ಬಾಯಲ್ಲಿ ಮಾತ್ರ. ಒಳಗೆ ಗೋಡೆ ಒಂದಿಂಚು ಕಿರಿದಾಗುತ್ತದೆಂದು ಯಾರಿಗೆ ಗೊತ್ತಿತ್ತು? ಹಲಗೆ ಅರ್ಧಕ್ಕೆ ಹೋಗಿ, ಹೊಸ ಅಳಿಯನಂತೆ ಮುನಿಸಿಕೊಂಡು ನಿಂತಿತು. ಬಡಗಿ ರಸಮಟ್ಟ ಇಟ್ಟು ನೋಡಿ, “ಹಲಗೆ ನೆಟ್ಟಗಿದೆ ಸಾರ್, ನಿಮ್ಮ ಮನೆಯೇ ಸೊಟ್ಟ” ಎಂದು ತೀರ್ಪಿತ್ತ. ಹೆಂಡತಿ ಗೋಡೆಯನ್ನು ಬಿಟ್ಟು ನನ್ನನ್ನೇ ನೋಡಿದಳು.

ಕೆತ್ತಿ, ಹೆರೆದು, ಅಂತೂ ಕೂರಿಸಿದ್ದಾಯಿತು. ಮೂರು ಹಲಗೆ ಸೀರೆಗಳ ಪಾಲಾದವು. ನಾಲ್ಕನೆಯದು ನನ್ನದು, ತುಸು ಇಳಿಜಾರು. ಬಾಗಿಲು ತೆಗೆದರೆ ಸಾಕು, ಪಂಚೆಗಳು ತಾವಾಗಿಯೇ ಕೈಗೆ ಬರುತ್ತವೆ.